ಬೆಳಿಗ್ಗೆ ಕೆಸರು, ಮಧ್ಯಾಹ್ನ ನೀರು

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕದ ವರ್ಜೀನಿಯಾಕ್ಕೆ ಬಂದಿದ್ದೇನೆ. ಹತ್ತಿರದಲ್ಲೇ ಮೇಸನ್ ನೆಕ್ ಎಂಬ ಕಾಡಿದೆ. ಪೊಟೊಮ್ಯಾಕ್ ನದಿಯೊಳಕ್ಕೆ ಚಾಚಿಕೊಂಡ ಜಾಗ. ಒಂದೇ ವಾಕಿಂಗ್‌ನಲ್ಲಿ ಒಣ ಕಾಡು, ನೀರುಗುಂಡಿ, ಜೊಂಡು ಎಲ್ಲ ಸಿಗುತ್ತವೆ. ಬೆಳಿಗ್ಗೆ ಕೆಸರಿದ್ದಲ್ಲಿ ಮಧ್ಯಾಹ್ನ ನೀರು! ಮಳೆ ಬಂದಿರಲಿಲ್ಲ. ಮೇಲೆ ಅಣೆಕಟ್ಟಿನಿಂದ ಬಿಡುತ್ತಾರೆಯೇ?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಗೊರೂರು ಪಕ್ಕದಲ್ಲೇ ಇರುವಾಗ ನಿಮಗೆ ಮೊದಲು ಅಣೆಕಟ್ಟೇ ನೆನಪಾಗಬೇಕು ಬಿಡಿ, ಮೇಷ್ಟ್ರೇ. ನಾನು ಕುಮಟಾದವಳು. ಅದು ಸಮುದ್ರದ ಭರತ-ಇಳಿತ. ಕಡಲು ಅಲ್ಲಿಂದ ಬಹಳ ದೂರ, ನಿಜ. ಆದರೂ ಚೆಸಪೀಕ್ ಕೊಲ್ಲಿಯ ಮೂಲಕ ಬರುವ ಒತ್ತಡ ಪೊಟೊಮ್ಯಾಕ್ ನದಿಯನ್ನು ವಾಷಿಂಗ್ಟನ್‌ವರೆಗೂ ದಿನಕ್ಕೆರಡು ಸಲ ಏರಿಸಿ ಇಳಿಸುತ್ತದೆ.

ನಮ್ಮ ಅಘನಾಶಿನಿಯಲ್ಲಿ ಭರತದ ಜೊತೆ ಉಪ್ಪೂ ಒಳಗೆ ಬರುತ್ತದೆ. ಉಪ್ಪುನೀರು ನುಗ್ಗುವ ಅಲ್ಲಿನ ತಗ್ಗು ಗದ್ದೆಗೆ, ಅಂದರೆ ಗಜನಿಗೆ, ಉಪ್ಪು ತಡೆಯುವ ಕಗ್ಗ ಭತ್ತವೇ ಬೇಕು. ಮೇಸನ್ ನೆಕ್‌ನಲ್ಲಿ ನೀರು ಏರಿದರೂ ಸಿಹಿಯಾಗಿಯೇ ಇರುತ್ತದೆ. ಅದಕ್ಕೇ ಅಲ್ಲಿನ ಗ್ರೇಟ್ ಮಾರ್ಷ್ ಎಂಬ ಜೌಗಿನಲ್ಲಿ ಜೊಂಡು, ಹಳದಿ ಹೂವಿನ ನೈದಿಲೆ, ಕಾಡುಭತ್ತ.

ಇನ್ನು ಕಾಡಿನೊಳಗಿನ ಗುಂಡಿಗಳು. ಅವುಗಳಿಗೂ ನದಿಗೂ ಸಂಬಂಧವಿಲ್ಲ. ತಗ್ಗಿನಲ್ಲಿ ಮಳೆನೀರು ನಿಂತು, ಬೇಸಿಗೆಗೆ ಒಣಗುತ್ತವೆ. ಒಣಗುವುದರಿಂದ ಮೀನಿಲ್ಲ. ಮೀನಿಲ್ಲದ್ದರಿಂದ ಕಪ್ಪೆ, ಹಲ್ಲಿಯಂತೆ ಕಾಣುವ ಸಲಮಾಂಡರ್‌ಗಳ ಮೊಟ್ಟೆ ಉಳಿಯುತ್ತದೆ. ಅಲ್ಲಿಂದ ಸ್ವಲ್ಪ ಏರು ಹತ್ತಿದರೆ ಓಕ್, ಹಿಕರಿ, ಬೀಚ್ ಮರಗಳು. ಬೇರಿನ ಬುಡದಲ್ಲಿ ಎಷ್ಟು ದಿನ ನೀರು ನಿಲ್ಲುತ್ತದೆ ಎನ್ನುವುದರ ಮೇಲೆ ಯಾರು ಎಲ್ಲಿರಬೇಕೆಂದು ತೀರ್ಮಾನವಾಗುತ್ತದೆ. ಬೆಟ್ಟವೇನೂ ಬೇಕಾಗಿಲ್ಲ, ನಾಲ್ಕಡಿ ಏರುತಗ್ಗು ಸಾಕು.

ಈ ಕಾಡು ಉಳಿದಿದ್ದು ಹದ್ದಿನ ದೆಸೆಯಿಂದ. ಬಾಲ್ಡ್ ಈಗಲ್‌ಗೆ ಗೂಡು ಕಟ್ಟಲು ದೊಡ್ಡ ಮರ, ಪಕ್ಕದಲ್ಲೇ ಮೀನು ಸಿಗುವ ನೀರು, ಎರಡೂ ಬೇಕು. ಮೂರು ಕಡೆ ನೀರಿರುವ ಕಾಡಿನಲ್ಲಿ ಅದಕ್ಕೇನು ಕೊರತೆ? 1960ರ ದಶಕದಲ್ಲಿ ಡಿಡಿಟಿ ವಿಷದಿಂದ ಅವುಗಳ ಮೊಟ್ಟೆಯ ಚಿಪ್ಪು ತೆಳ್ಳಗಾಗಿ ಒಡೆಯುತ್ತಿತ್ತು. ಅದೇ ಹೊತ್ತಿಗೆ ಇಲ್ಲಿ ಬಡಾವಣೆ ಕಟ್ಟುವ ಯೋಜನೆಯೂ ಬಂತು. ಎಲಿಜಬೆತ್ ಹಾರ್ಟ್‌ವೆಲ್ ಎಂಬ ಸ್ಥಳೀಯ ಮಹಿಳೆ ಹಟ ಹಿಡಿದು ಹೋರಾಡಿದರು. 1969ರಲ್ಲಿ ಹದ್ದಿಗಾಗಿಯೇ ಇದು ರಕ್ಷಿತ ಕಾಡಾಯಿತು. ಈಗ ಅವರ ಹೆಸರೇ ಅದಕ್ಕಿದೆ. ಡಿಡಿಟಿಗೆ ಅಲ್ಲಿ ನಿಷೇಧ ಬಂದಿದ್ದು 1972ರಲ್ಲಿ. ಗೂಡು ಕಟ್ಟುವ ತಿಂಗಳುಗಳಲ್ಲಿ ಕೆಲವು ದಾರಿ ಮುಚ್ಚಿರುತ್ತಾರೆ. ಸುಮ್ನೆ ಒಳಗೆ ನುಗ್ಗಬೇಡಿ.

ಮುಂದಿನ ಸಲ ಮೊಬೈಲಿನಲ್ಲಿ ಭರತದ ವೇಳೆ ನೋಡಿಕೊಂಡು, ನೀರು ಇಳಿಯುವಾಗ ಹೋಗಿ. ಕೆಸರಂಚಿಗೆ ದೊಡ್ಡ ಬಕಗಳು ಬರುವುದು ಆಗಲೇ ಜಾಸ್ತಿ. ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿಕೊಳ್ಳಿ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವ ಹಾಗೆ ಅಲ್ಲಿನ ಉಣುಗು ಲೈಮ್ ಕಾಯಿಲೆ ಹರಡುತ್ತದೆ. ಮನೆಗೆ ಬಂದ ಮೇಲೆ ಮಂಡಿಯ ಹಿಂದೆ, ತೊಡೆಯ ಸಂದಿಯಲ್ಲಿ ಚೆನ್ನಾಗಿ ನೋಡಿಕೊಳ್ಳಿ.