1997ರಲ್ಲಿ ಕೊಲಂಬಿಯಾದ ಜನ ಶಾಂತಿಗಾಗಿ ಮತ ಹಾಕಿದರಂತೆ. ಕಾನೂನಿನ ಬಲವೇ ಇಲ್ಲದ ಆ ಮತದಿಂದ ಏನು ಪ್ರಯೋಜನ ಆಯಿತು?

ಅಲ್ಲಿ ಸರ್ಕಾರಕ್ಕೂ ಬಂಡುಕೋರರಿಗೂ ನಡೆಯುತ್ತಿದ್ದ ಯುದ್ಧ ನಿಲ್ಲಲಿಲ್ಲ, ಆದರೆ ಶಾಂತಿ ಮಾತುಕತೆ ಚುನಾವಣೆಯ ದೊಡ್ಡ ವಿಷಯವಾಯಿತು. ದಾರಿ ತೋರಿಸಿದ್ದು ಮಕ್ಕಳು: 1996ರಲ್ಲಿ ಸುಮಾರು 27 ಲಕ್ಷ ಮಕ್ಕಳು ತಮ್ಮದೇ ಮತದಾನದಲ್ಲಿ ಬದುಕುವ ಹಕ್ಕು, ಶಾಂತಿ ಬೇಕು ಎಂದಿದ್ದರು. ಮರುವರ್ಷ ಅಕ್ಟೋಬರ್ 26ರಂದು, ಸ್ಥಳೀಯ ಚುನಾವಣೆಯ ದಿನವೇ, ದೊಡ್ಡವರಿಗೂ ಶಾಂತಿಯ ಮತಪತ್ರ ಸಿಕ್ಕಿತು. ಸುಮಾರು 1 ಕೋಟಿ ಮತ ಬಿದ್ದವು.

ಇದನ್ನು ಪಾಲಿಸಲೇಬೇಕು ಅಂತ ಯಾವ ಕಾನೂನೂ ಇರಲಿಲ್ಲ. ಆದರೆ ಮುಂದಿನ ವರ್ಷವೇ ಅಧ್ಯಕ್ಷರ ಚುನಾವಣೆ. ಅಷ್ಟೊಂದು ಮತ ಕಣ್ಣೆದುರು ಕಂಡರೆ ಯಾವ ರಾಜಕಾರಣಿ ಸುಮ್ನೆ ಇರುತ್ತಾರೆ, ಅಲ್ವಾ? 1998ರಲ್ಲಿ ಮಾತುಕತೆಯ ಭರವಸೆ ಕೊಟ್ಟ ಆಂದ್ರೆಸ್ ಪಾಸ್ತ್ರಾನಾ ಗೆದ್ದರು. ಫಾರ್ಕ್ ಬಂಡುಕೋರರ ಜೊತೆ ಮಾತುಕತೆಯನ್ನೂ ಶುರು ಮಾಡಿದರು. ಬಂಡುಕೋರರಿಗೆ ಮಾತ್ರ ಮತದಾರರ ಹಂಗು ಇರಲಿಲ್ಲ. 2002ರಲ್ಲಿ ಆ ಮಾತುಕತೆ ಮುರಿದುಬಿತ್ತು.