‘ಎಲ್ಲ ಸರಿಯಾಗಿದೆ’ ಎನ್ನುವ ತಂಡ, ಕೊನೆಗಳಿಗೆಯಲ್ಲಿ ಬಯಲಾಗುವ ತೊಂದರೆ

ಪ್ರಶ್ನೆ: ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನನಗೆ ಆರು ತಿಂಗಳ ಹಿಂದೆ ಮ್ಯಾನೇಜರ್ ಹುದ್ದೆಗೆ ಬಡ್ತಿ ಸಿಕ್ಕಿತು. ಅದುವರೆಗೆ ನನ್ನ ಜೊತೆ ಕುಳಿತು ಊಟ ಮಾಡುತ್ತಿದ್ದ ಎಂಟು ಮಂದಿ ಈಗ ನನ್ನ ಕೈಕೆಳಗಿದ್ದಾರೆ. ಸೋಮವಾರದ ಮೀಟಿಂಗ್‌ನಲ್ಲಿ ಎಲ್ಲರೂ ‘ಎಲ್ಲ ಸರಿಯಾಗಿದೆ’ ಎನ್ನುತ್ತಾರೆ. ರಿಲೀಸ್‌ಗೆ ಎರಡು ದಿನವಿರುವಾಗ ತೊಂದರೆ ಹೊರಬೀಳುತ್ತದೆ. ರಾತ್ರಿ ಕುಳಿತು ನಾನೇ ಸರಿಪಡಿಸುತ್ತೇನೆ. ನಾನು ಯಾರ ಮೇಲೂ ರೇಗುವವನಲ್ಲ. ಮೇಲಧಿಕಾರಿ ‘ಸ್ವಲ್ಪ ಬಿಗಿ ಮಾಡಿ’ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ದಯವಿಟ್ಟು ಈಗಲೇ ಬಿಗಿ ಮಾಡಲು ಹೋಗಬೇಡಿ. ತೊಂದರೆಯನ್ನು ಮುಚ್ಚಿಡುವ ತಂಡವನ್ನು ಗದರಿಸಿದರೆ ಅದು ಇನ್ನಷ್ಟು ಜಾಣತನದಿಂದ ಮುಚ್ಚಿಡುವುದನ್ನು ಕಲಿಯುತ್ತದೆ. ನೀವು ರೇಗುವುದಿಲ್ಲ ಎಂಬುದನ್ನು ನಾನು ನಂಬುತ್ತೇನೆ, ಆದರೆ ನಿಮ್ಮ ಪತ್ರದಲ್ಲಿಯೇ ಕಾರಣವೂ ಇದೆ: ಯಾರಾದರೂ ತೊಂದರೆ ಹೇಳಿಕೊಂಡ ಕೂಡಲೇ ಆ ಕೆಲಸ ಅವರ ಕೈತಪ್ಪಿ ನಿಮ್ಮ ಕೈಗೆ ಬರುತ್ತದೆ. ಅದನ್ನು ನೀವು ಸಹಾಯವೆಂದೇ ತಿಳಿದಿದ್ದೀರಿ. ಎದುರಿಗಿರುವ ಇಂಜಿನಿಯರ್‌ಗೆ ಮಾತ್ರ ಅದು ‘ನಿಮ್ಮಿಂದ ಆಗದು’ ಎಂದು ಹೇಳಿದಂತೆ ಕೇಳಿಸುತ್ತದೆ. ಹಾಗಾಗಿ ಅವರು ಕೊನೆಯ ದಿನದವರೆಗೂ ಬಾಯಿ ಬಿಡದೆ ತಾವೇ ಒದ್ದಾಡುತ್ತಾರೆ.

ಹಾರ್ವರ್ಡ್‌ನ ಪ್ರಾಧ್ಯಾಪಕಿ ಏಮಿ ಎಡ್ಮಂಡ್ಸನ್ ಅವರು ಆಸ್ಪತ್ರೆಯ ನರ್ಸಿಂಗ್ ತಂಡಗಳಲ್ಲಿ ಔಷಧ ನೀಡುವಾಗ ಆಗುವ ತಪ್ಪುಗಳ ಬಗ್ಗೆ 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಿಮ್ಮ ಪರಿಸ್ಥಿತಿಗೆ ಬಹಳ ಹತ್ತಿರದ್ದು. ಒಳ್ಳೆಯ ನಾಯಕತ್ವ, ಒಳ್ಳೆಯ ಹೊಂದಾಣಿಕೆ ಇದ್ದ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿನವರು ತಪ್ಪನ್ನು ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಿರಲಿಲ್ಲ ಎಂಬುದೇ ಇದಕ್ಕೆ ಅವರು ಕೊಟ್ಟ ವಿವರಣೆ. ಹಾಗಾಗಿ ಪ್ರತಿ ಸೋಮವಾರವೂ ಒಂದೇ ಒಂದು ತೊಂದರೆ ಕೇಳಿಬರದಿದ್ದರೆ ನೀವು ಚಿಂತಿಸಬೇಕಾದದ್ದೇ ಸರಿ.

ಮೊದಲು ನೀವು ಕೇಳುವ ಪ್ರಶ್ನೆಯನ್ನು ಬದಲಿಸಿ. ‘ಎಲ್ಲಿಗೆ ಬಂತು?’ ಎಂದರೆ ‘ಶೇಕಡಾ 80 ಆಗಿದೆ’ ಎಂಬ ಉತ್ತರ ಬರುತ್ತದೆ, ಮುಂದಿನ ವಾರವೂ ಅದೇ 80 ಇರುತ್ತದೆ. ‘ಇದರಲ್ಲಿ ನಿಮಗೆ ಇನ್ನೂ ಖಾತ್ರಿಯಿಲ್ಲದ ಭಾಗ ಯಾವುದು?’ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಯಾರಾದರೂ ತೊಂದರೆ ಹೇಳಿದಾಗ ನಿಮ್ಮ ಮೊದಲ ಮಾತು ‘ಈಗಲೇ ಹೇಳಿದ್ದು ಒಳ್ಳೆಯದಾಯಿತು’ ಎಂದಿರಲಿ, ಎರಡನೆಯದು ‘ನಿಮಗೆ ಏನು ಬೇಕು?’ ಎಂದಿರಲಿ. ಗ್ರಾಹಕರ ಕೆಲಸ ನಿಂತೇಹೋಗಿರುವ ಸಂದರ್ಭ ಬಿಟ್ಟರೆ ಕೀಬೋರ್ಡ್ ಅವರ ಕೈಯಲ್ಲಿಯೇ ಇರಲಿ. ನೀವು ಪಕ್ಕದಲ್ಲಿ ಕುಳಿತರೆ ಸಾಕು. ಮೊದಲ ಕೆಲವು ಸಲ ಕೆಲಸ ನಿಧಾನವಾಗುವುದು ಖಂಡಿತ, ಆ ನಷ್ಟವನ್ನು ನೀವು ಸಹಿಸಲೇಬೇಕಾಗುತ್ತದೆ.

ಎರಡು ವಾರಕ್ಕೊಮ್ಮೆ ಪ್ರತಿಯೊಬ್ಬರೊಂದಿಗೂ ಅರ್ಧ ಗಂಟೆ ಪ್ರತ್ಯೇಕವಾಗಿ ಮಾತನಾಡಿ. ಬೆಂಗಳೂರಿನ ತಂಡಗಳಲ್ಲಿ ಇಂಗ್ಲಿಷ್ ಮೀಟಿಂಗ್‌ನಲ್ಲಿ ತುಟಿ ಬಿಚ್ಚದವರು ಏಕಾಂತದಲ್ಲಿ, ಅದರಲ್ಲೂ ಕನ್ನಡದಲ್ಲಿ, ವಿಷಯವನ್ನು ಬಿಡಿಸಿ ಹೇಳುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ನಿಮ್ಮ ಹುದ್ದೆಯನ್ನು ತಾವೂ ನಿರೀಕ್ಷಿಸಿದ್ದವರು ತಂಡದಲ್ಲಿದ್ದರೆ ಅವರೊಂದಿಗೆ ಮೊದಲು ಮಾತನಾಡಿ. ‘ನಿಮಗೆ ಬೇಸರವಾಗಿರಬಹುದು’ ಎಂದು ನೀವೇ ಬಾಯಿಬಿಟ್ಟು ಹೇಳಿ, ಅವರಿಗೆ ಸ್ವತಂತ್ರವಾಗಿ ನಡೆಸಲು ಒಂದು ಜವಾಬ್ದಾರಿಯನ್ನು ಕೊಡಿ.

ಅಪ್ರೈಸಲ್ (ಕೆಲಸದ ಮೌಲ್ಯಮಾಪನ) ಸಮಯದಲ್ಲಿ ಎಚ್ಚರ: ಮುಂಚಿತವಾಗಿ ಹೇಳಿಕೊಂಡ ತಪ್ಪನ್ನು ಅಲ್ಲಿ ಎತ್ತಿ ಆಡಿದರೆ ನೀವು ಗಳಿಸಿದ ನಂಬಿಕೆಯೆಲ್ಲ ಒಂದೇ ದಿನದಲ್ಲಿ ಹೋಗುತ್ತದೆ.

ಮೇಲಧಿಕಾರಿಯವರಿಗೆ ಈ ಯೋಜನೆಯನ್ನು ತಿಳಿಸಿ ಮೂರು ತಿಂಗಳ ಕಾಲಾವಕಾಶ ಕೇಳಿ. ಪ್ರತಿ ತೊಂದರೆಯೂ ರಿಲೀಸ್‌ಗೆ ಎಷ್ಟು ದಿನ ಮೊದಲು ತಿಳಿಯಿತು ಎಂಬುದನ್ನು ಬರೆದಿಟ್ಟು ಅವರಿಗೆ ತೋರಿಸಿ. ಇಷ್ಟಾದ ಮೇಲೂ ಒಬ್ಬರು ಗೊತ್ತಿದ್ದೂ ಮುಚ್ಚಿಟ್ಟರೆ, ಆಗ ಅವರೊಬ್ಬರನ್ನೇ ಕರೆದು, ದಿನಾಂಕ ಮತ್ತು ಘಟನೆಗಳ ಸಮೇತ ನೇರವಾಗಿ ಹೇಳಿ.