ಚಿತ್ರಕಲೆ ಪ್ರಾಕ್ಟೀಸ್ ಟೀಚಿಂಗ್: ಮೊದಲ ದಿನವೇ ಪೇಂಟಿಂಗ್ ಮಾಡಿಸಬಹುದಾ?

ಶಿಕ್ಷಕ ತರಬೇತಿಯ ಭಾಗವಾಗಿ ಪಾಠ ಮಾಡಲು ಸಿಕ್ಕಿರುವುದು ಎಂಟನೇ ತರಗತಿ, 48 ಮಕ್ಕಳು, 40 ನಿಮಿಷದ ಪೀರಿಯಡ್, ಮೊದಲ ದಿನವೇ ಬಣ್ಣ ಕೊಡಲಾ ಅಂತ ಕೇಳಿದ್ದೀರಿ. ಬೇಡ. ಮೊದಲೆರಡು ಪೀರಿಯಡ್ ಬರೀ ಪೆನ್ಸಿಲ್ ಇರಲಿ. ಮಕ್ಕಳ ಹೆಸರೇ ಗೊತ್ತಿಲ್ಲದ ತರಗತಿಗೆ ನೀರು, ಬಣ್ಣ ತಂದರೆ ಪೀರಿಯಡ್ಡೆಲ್ಲ ನೆಲ ಒರೆಸುವುದರಲ್ಲೇ ಹೋಗುತ್ತದೆ.

‘ಏನಾದರೂ ಬಿಡಿಸಿ’ ಅಂತ ಮಾತ್ರ ಹೇಳಬೇಡಿ. ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಮನೆ, ಪಕ್ಕದಲ್ಲಿ ತೆಂಗಿನಮರ: ಹಾಳೆ ಹಾಳೆಯಲ್ಲೂ ಅದೇ ಬರುತ್ತದೆ. ಕಣ್ಣೆದುರು ಒಂದು ಚೊಂಬು ಇಡಿ. ಒಂದೇ ಇಟ್ಟರೆ ಹಿಂದಿನ ಬೆಂಚಿಗೆ ಕಾಣುವುದಿಲ್ಲ, ನಾಲ್ಕಾದರೂ ಬೇಕು. ಬಿಸಿಯೂಟದ ಅಡುಗೆಮನೆಯಲ್ಲಿ ಕೇಳಿ ನೋಡಿ.

ಚೊಂಬಿನ ಬಾಯನ್ನು ಮಕ್ಕಳು ಪೂರ್ತಿ ವೃತ್ತ ಮಾಡುತ್ತಾರೆ, ತಳಕ್ಕೆ ನೇರ ಗೆರೆ ಎಳೆಯುತ್ತಾರೆ. ಬಾಯಿ ದುಂಡಗಿದೆ, ಮೇಜು ಸಪಾಟಾಗಿದೆ ಅಂತ ಅವರಿಗೆ ಗೊತ್ತು. ಆ ಗೊತ್ತಿರುವುದೇ ಹಾಳೆಗೆ ಇಳಿಯುತ್ತದೆ. ಇದನ್ನು ಬೋರ್ಡಿನ ಮೇಲೆ ವಿವರಿಸಿ ಪ್ರಯೋಜನವಿಲ್ಲ. ಚೊಂಬನ್ನು ಅವರ ಕಣ್ಣಿನ ಮಟ್ಟಕ್ಕೆ ಹಿಡಿಯಿರಿ, ಬಾಯಿ ಬರೀ ಗೆರೆಯಾಗಿ ಕಾಣುತ್ತದೆ. ನಿಧಾನವಾಗಿ ಕೆಳಗಿಳಿಸಿ, ಗೆರೆ ತೆರೆದುಕೊಂಡು ಅಂಡಾಕಾರವಾಗುತ್ತದೆ. ತಳ ಕಣ್ಣಿನಿಂದ ಇನ್ನೂ ಕೆಳಗಿರುವುದರಿಂದ ಅದರ ಬಾಗು ಬಾಯಿಯದಕ್ಕಿಂತ ಹೆಚ್ಚು. ಇಷ್ಟಾದರೂ ಅಂಡಾಕಾರದ ಎರಡು ತುದಿ ದೋಣಿಯ ಹಾಗೆ ಚೂಪಾಗಿ ಬರುತ್ತವೆ. ಪೆನ್ಸಿಲ್ ಹಾಳೆಗೆ ತಾಗಿಸದೆ ಎರಡು ಮೂರು ಸುತ್ತು ಕೈ ತಿರುಗಿಸಿ, ಅದೇ ಓಟದಲ್ಲಿ ಹಗುರವಾಗಿ ಇಳಿಸಲು ಹೇಳಿ. ಎಚ್‌ಬಿ ಪೆನ್ಸಿಲ್ ಸಾಕು. ಮೊದಲ ಪೀರಿಯಡ್‌ನಲ್ಲಿ ರಬ್ಬರ್ ಬ್ಯಾಗಿನಲ್ಲೇ ಇರಲಿ, ಇಲ್ಲದಿದ್ದರೆ ಅರ್ಧ ಹೊತ್ತು ಉಜ್ಜುವುದರಲ್ಲೇ ಕಳೆಯುತ್ತದೆ.

ಮಗುವಿನ ಹಾಳೆಯ ಮೇಲೆ ನಿಮ್ಮ ಗೆರೆ ಬೀಳಬಾರದು. ಒಬ್ಬರಿಗೆ ತಿದ್ದಿಕೊಟ್ಟರೆ ‘ಮಿಸ್, ನಂದೂ ಮಾಡ್ಕೊಡಿ’ ಅಂತ ಸಾಲು ನಿಲ್ಲುತ್ತದೆ. ಕೈಯಲ್ಲೊಂದು ರಫ್ ಪುಸ್ತಕ ಇಟ್ಟುಕೊಂಡು ಅದರಲ್ಲಿ ಬಿಡಿಸಿ ತೋರಿಸಿ.

ಮೂರನೇ ಪೀರಿಯಡ್‌ಗೆ ಬಣ್ಣ. ಸಮಯವನ್ನು ಬೆಲ್ಲಿನಿಂದ ಹಿಂದಕ್ಕೆ ಲೆಕ್ಕ ಹಾಕಿ: ತೊಳೆಯಲು 10 ನಿಮಿಷ, ಕೆಲಸಕ್ಕೆ 20, ನೀವು ಮಾಡಿ ತೋರಿಸಲು 5, ಹಂಚಲು 5. ತೊಳೆಯುವ ಹೊತ್ತು ಕಡಿಮೆ ಮಾಡಿದರೆ ಇಡೀ ಪೀರಿಯಡ್ ಕೆಡುತ್ತದೆ.

22×28 ಇಂಚಿನ ಶೀಟನ್ನು ನಾಲ್ಕು ಮಾಡಿದರೆ 11×14ರ ಹಾಳೆ. 48 ಮಕ್ಕಳಿಗೆ 12 ಶೀಟು, ಹರಿದುಹೋದರೆ ಅಂತ ಇನ್ನೆರಡು. ಹಿಂದಿನ ದಿನವೇ ಕತ್ತರಿಸಿಡಿ. ಬಣ್ಣ ಮುಟ್ಟುವ ಮೊದಲೇ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಹೆಸರು ಬರೆಸಿ. ಒಣಗಿದ ಮೇಲೆ ಯಾರದು ಯಾವುದು ಅಂತ ಜಗಳ ಬಿಡಿಸಲು ಆಗುವುದಿಲ್ಲ.

ನಾಲ್ವರಿಗೊಂದು ಗುಂಪು. ಗುಂಪಿಗೆ ಎರಡು ಡಬ್ಬಿ ನೀರು, ಬ್ರಷ್ ತೊಳೆಯಲು ಒಂದು, ಬಣ್ಣಕ್ಕೆ ಬೆರೆಸಲು ಇನ್ನೊಂದು. ಲೀಟರ್ ಬಾಟಲಿಯನ್ನು ಅರ್ಧಕ್ಕೆ ಕತ್ತರಿಸಿದ ತಳಭಾಗ ಆಗುತ್ತದೆ, ಎರಡು ಇಂಚು ನೀರು ಸಾಕು. ಪೋಸ್ಟರ್ ಕಲರ್ ಬಾಟಲಿ ಮಕ್ಕಳ ಕೈಗೆ ಕೊಡಬೇಡಿ. ಹಳದಿ, ಕೆಂಪು, ನೀಲಿ, ಬಿಳಿ, ಗುಂಪಿಗೆ ಒಂದೊಂದು ಟೀಚಮಚ ನೀವೇ ಹಾಕಿ. ತರಗತಿಗೆಲ್ಲ ಸೇರಿ ಒಂದು ಬಣ್ಣಕ್ಕೆ ಸುಮಾರು 60 ಎಂಎಲ್. ಕಪ್ಪು ಬೇಡವೇ ಬೇಡ, ಎಲ್ಲವನ್ನೂ ಅದು ನುಂಗುತ್ತದೆ. ಹಾಕಿಕೊಡಲು ಪ್ಲಾಸ್ಟಿಕ್ ಮುಚ್ಚಳ ಒಳ್ಳೆಯದು, ಮೊಟ್ಟೆಯ ರಟ್ಟಿನ ಟ್ರೇ ಬಣ್ಣ ಹೀರುತ್ತದೆ.

ಹಸಿರು ಬೇಕಾದರೆ ಹಳದಿಗೆ ನೀಲಿಯನ್ನು ಬ್ರಷ್ ತುದಿಯಷ್ಟೇ ಸೇರಿಸುತ್ತಾ ಹೋಗಬೇಕು. ನೀಲಿಯಿಂದ ಶುರುಮಾಡಿದರೆ ಹಳದಿಯೆಲ್ಲ ಖಾಲಿಯಾದರೂ ತಿಳಿಹಸಿರು ಬರುವುದಿಲ್ಲ. ಚಿತ್ರವೆಲ್ಲ ಕಂದು ರಾಡಿಯಾಗುತ್ತಿದ್ದರೆ ಮೊದಲು ಡಬ್ಬಿಯ ನೀರು ನೋಡಿ. ತೊಳೆಯದ ಬ್ರಷ್ಷಿನಲ್ಲಿ ಮೂರು ಬಣ್ಣವೂ ಸೇರಿಕೊಂಡಿರುತ್ತವೆ. ಬ್ರಷ್ಷನ್ನು ತಲೆಕೆಳಗಾಗಿ ನೀರಲ್ಲೇ ಬಿಟ್ಟರೆ ಕೂದಲು ಬಾಗಿ, ಕ್ರಮೇಣ ಕೂದಲು ಹಿಡಿದಿರುವ ತಗಡಿನೊಳಗಿನ ಅಂಟು ಸಡಿಲವಾಗುತ್ತದೆ.

ಹಸಿ ಹಾಳೆಯನ್ನು ಕೂಡಲೇ ಕ್ಲಿಪ್ ಹಾಕಿ ನೇತುಹಾಕಿದರೆ ಬಣ್ಣ ಇಳಿಯುತ್ತದೆ, ಮಲಗಿಸಿಯೇ ಒಣಗಿಸಬೇಕು. ಜಾಗ ಎಲ್ಲಿದೆ, ನಲ್ಲಿಯಲ್ಲಿ ಆ ಹೊತ್ತಿಗೆ ನೀರು ಬರುತ್ತದಾ, ಬೀರುವಿನ ಕೀಲಿ ಯಾರ ಹತ್ತಿರ ಇರುತ್ತದೆ, ಇವನ್ನೆಲ್ಲ ಮಾರ್ಗದರ್ಶಕ ಶಿಕ್ಷಕರ ಹತ್ತಿರ ಹಿಂದಿನ ದಿನವೇ ಕೇಳಿಕೊಳ್ಳಿ. ಮುಂದಿನ ಪೀರಿಯಡ್ ತೆಗೆದುಕೊಳ್ಳುವವರಿಗೂ ಒಂದು ಮಾತು ಹೇಳಿಟ್ಟಿರಿ, ಎರಡು ನಿಮಿಷ ಹೆಚ್ಚುಕಮ್ಮಿ ಆಗಿಯೇ ಆಗುತ್ತದೆ.